ಬಿಸಿಲಿನ ಕ್ರೀಮು: ಒಂದರ ಮೇಲೊಂದು ಹಚ್ಚಿದರೆ ಲಾಭವಿದೆಯೇ?



ಸ್ವಸಹಾಯ ಸಂಘದ ಸಭೆ ಮುಗಿದು, ಉಳಿತಾಯದ ಪುಸ್ತಕ ಮುಚ್ಚಿಟ್ಟ ಮೇಲೆ ನಾಲ್ಕು ಮಾತು ಆಡಿ ಏಳುವುದು ನಮ್ಮ ರೂಢಿ. ಆಗ ಬರುವ ಮಾತುಗಳಲ್ಲಿ ಮುಖದ ಮಾತೂ ಒಂದು. "ಕೆನ್ನೆ ಮೇಲೆ ಬಂಗು ಬಂದದೆ ಕಣಕ್ಕ, ಏನು ಹಚ್ಚಲಿ?" ಎಂದು ಒಬ್ಬರು ಕೇಳಿದರೆ, ಹತ್ತು ಜನ ಹತ್ತು ಟ್ಯೂಬಿನ ಹೆಸರು ಹೇಳುತ್ತಾರೆ. ಅದರಲ್ಲೂ ಈಗ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಮೊಬೈಲ್ ನೋಡಿ ಎರಡು ಮೂರು ಬಗೆಯ ಸನ್‌ಸ್ಕ್ರೀನ್ ತಂದು ಒಂದರ ಮೇಲೊಂದು ಹಚ್ಚಿಕೊಳ್ಳುತ್ತಿದ್ದಾರೆ. ಇಂಥ ಮನೆಯಲ್ಲಿ ತಾಯಿ-ಮಗಳ ಮಾತು ಹೀಗಿರುತ್ತದೆ:

"ಇದೇನವ್ವ, ಒಂದು ಮಕಕ್ಕೆ ಮೂರು ಟ್ಯೂಬು?"

"ಒಂದರಲ್ಲಿ 30 ಅದೆ, ಇನ್ನೊಂದರಲ್ಲಿ 20, ಈ ಸ್ನೋದಲ್ಲಿ 15. ಮೂರೂ ಹಚ್ಕೊಂಡ್ರೆ 65 ಆಯ್ತದಲ್ಲವ್ವ!"

"ಹಂಗಾದ್ರೆ ಹೊಲಕ್ಕೆ ಹೋಗೋ ನಂಗೆ ಯಾವ್ದು?"

"ನಿಂಗೆ ಬಂಗು ಹೋಗೋ ಟ್ಯೂಬು ತಂದಿವ್ನಿ. ಮೆಡಿಕಲ್ ಸ್ಟೋರಲ್ಲಿ ಕೊಟ್ರು. ಹದಿನೈದೇ ದಿನಕ್ಕೆ ಬೆಳ್ಳಗಾಯ್ತದಂತೆ."

ಮಗಳಿಗೆ ತಾಯಿಯ ಮೇಲೆ ಪ್ರೀತಿಯಿದೆ, ಸಂಶಯವಿಲ್ಲ. ಆದರೆ ಅವಳ ಕೂಡುವ ಲೆಕ್ಕ ತಪ್ಪು. ತಾಯಿಗೆ ತಂದ ನಾಲ್ಕನೇ ಟ್ಯೂಬು ಅದಕ್ಕಿಂತಲೂ ದೊಡ್ಡ ತಪ್ಪು ಆಗಬಹುದು. ಈ ಎರಡನ್ನೂ ಸ್ವಲ್ಪ ತಿಳಿದುಕೊಳ್ಳೋಣ.

ನಮ್ಮ ಊರಿನ ಬಿಸಿಲು ಎಂಥದ್ದು?

ಬಿಸಿಲಿನಲ್ಲಿ ಬೆಳಕು ಇದೆ, ಕಾವು ಇದೆ. ಇವೆರಡೂ ಅಲ್ಲದ ಮೂರನೆಯದೊಂದಿದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಇದರಲ್ಲಿ ಎರಡು ಬಗೆ ನಮಗೆ ಮುಖ್ಯ. ಯು.ವಿ.ಬಿ. ಕಿರಣ ಚರ್ಮವನ್ನು ಸುಡುತ್ತದೆ. ಯು.ವಿ.ಎ. ಕಿರಣ ಚರ್ಮದ ಒಳಗಿನವರೆಗೆ ಇಳಿದು ಕಪ್ಪು ಕಲೆ ಮತ್ತು ಸುಕ್ಕು ತರುತ್ತದೆ. ಬಸ್ಸಿನ ಕಿಟಕಿಯ ಗಾಜು ಯು.ವಿ.ಬಿ.ಯನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಯು.ವಿ.ಎ. ಗಾಜನ್ನೂ ದಾಟಿ ಬರುತ್ತದೆ.

ಕಾವು ಹೆಚ್ಚಿದ್ದರೆ ಮಾತ್ರ ಬಿಸಿಲು ಕೆಟ್ಟದ್ದು ಎಂದು ನಾವು ತಿಳಿದಿದ್ದೇವೆ. ಇದು ಸರಿಯಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಭಾಗದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನಡುಹಗಲಿನಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಒಮ್ಮೆ ಏಪ್ರಿಲ್ 21ರ ಸುಮಾರಿಗೆ, ಇನ್ನೊಮ್ಮೆ ಆಗಸ್ಟ್ 21ರ ಸುಮಾರಿಗೆ. ಆ ದಿನ ಮಧ್ಯಾಹ್ನ ಹನ್ನೆರಡೂವರೆ ಹತ್ತಿರ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ನಾವು ಬಿಸಿಲಿಗೆ ಹೆದರುತ್ತೇವೆ. ಆದರೆ ಆಗಸ್ಟ್‌ನಲ್ಲಿ, ಬಂಡೀಪುರದ ಕಡೆಯಿಂದ ತಣ್ಣನೆ ಗಾಳಿ ಬೀಸುವಾಗ, ಓಣಂ ಹಬ್ಬಕ್ಕೆ ಕೇರಳದ ಕಡೆಗೆ ಹೋಗುವ ಚೆಂಡು ಹೂವನ್ನು ಬಗ್ಗಿ ಬಗ್ಗಿ ಕೀಳುವಾಗ, "ಮೋಡ ಅದೆ, ಏನೂ ಆಗಲ್ಲ" ಎನ್ನುತ್ತೇವೆ. ತೆಳುವಾದ ಮೋಡ ಕಾವನ್ನು ತಡೆದರೂ ನೇರಳಾತೀತ ಕಿರಣದ ಬಹುಪಾಲನ್ನು ಒಳಗೆ ಬಿಡುತ್ತದೆ. ಜೊತೆಗೆ ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಈ ಕಿರಣ ಹೆಚ್ಚಾಗುತ್ತದೆ.

ಇದನ್ನು ಅಳೆಯಲು ಯಂತ್ರ ಬೇಡ. ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಉದ್ದ ಇದ್ದರೆ ಕಿರಣದ ತೀವ್ರತೆ ಕಡಿಮೆ. ನೆರಳು ನಿಮಗಿಂತ ಗಿಡ್ಡ ಆಯಿತೆಂದರೆ ಚರ್ಮಕ್ಕೆ ರಕ್ಷಣೆ ಬೇಕು.

ಟ್ಯೂಬಿನ ಮೇಲಿನ ಸಂಖ್ಯೆ ಏನು ಹೇಳುತ್ತದೆ?

ಟ್ಯೂಬಿನ ಮೇಲೆ ಎಸ್.ಪಿ.ಎಫ್. ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಚರ್ಮ ಸುಡುವ ಕಿರಣವನ್ನು ಆ ಕ್ರೀಮು ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. 100 ಪಾಲು ಯು.ವಿ.ಬಿ. ಕಿರಣ ಬಿದ್ದರೆ,

- ಎಸ್.ಪಿ.ಎಫ್. 15 ಇರುವ ಕ್ರೀಮು ಸುಮಾರು 93 ಪಾಲು ತಡೆಯುತ್ತದೆ.
- ಎಸ್.ಪಿ.ಎಫ್. 30 ಇರುವ ಕ್ರೀಮು ಸುಮಾರು 97 ಪಾಲು ತಡೆಯುತ್ತದೆ.
- ಎಸ್.ಪಿ.ಎಫ್. 50 ಇರುವ ಕ್ರೀಮು ಸುಮಾರು 98 ಪಾಲು ತಡೆಯುತ್ತದೆ.

ನೋಡಿದಿರಾ? ಸಂಖ್ಯೆ 15ರಿಂದ 30ಕ್ಕೆ, ಅಂದರೆ ಎರಡು ಪಟ್ಟು ಆದರೂ ತಡೆಯುವ ಶಕ್ತಿ ಎರಡು ಪಟ್ಟು ಆಗಲಿಲ್ಲ. 100ಕ್ಕೆ 100 ತಡೆಯುವ ಕ್ರೀಮು ಯಾವುದೂ ಇಲ್ಲ.

ಎಸ್.ಪಿ.ಎಫ್. ಹೇಳುವುದು ಮುಖ್ಯವಾಗಿ ಯು.ವಿ.ಬಿ. ಬಗ್ಗೆ. ಯು.ವಿ.ಎ. ತಡೆಯುವ ಶಕ್ತಿಗೆ "ಪಿ.ಎ." ಎಂದು ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಪ್ಲಸ್ ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು. "ಬ್ರಾಡ್ ಸ್ಪೆಕ್ಟ್ರಂ" ಎಂದಿದ್ದರೆ ಎರಡೂ ಕಿರಣಕ್ಕೆ ಆಗುತ್ತದೆ ಎಂದರ್ಥ. ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಮೇಲೆ, ಜೊತೆಗೆ ಮೂರು ಪ್ಲಸ್ ಇದ್ದರೆ ನಮ್ಮ ಊರಿಗೆ ಸಾಕು.

30ಕ್ಕೆ 20 ಕೂಡಿಸಿದರೆ 50 ಯಾಕೆ ಆಗುವುದಿಲ್ಲ?

ಕಂಪನಿಯವರು ಈ ಸಂಖ್ಯೆಯನ್ನು ಪರೀಕ್ಷಿಸುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಕ್ರೀಮು ಹಚ್ಚುತ್ತಾರೆ. ಇದು ದಪ್ಪ ಪದರ. ನಾವು ಮನೆಯಲ್ಲಿ ಬಟಾಣಿ ಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಎಳೆಯುತ್ತೇವೆ. ಸಾಮಾನ್ಯವಾಗಿ ಜನ ಹಚ್ಚುವುದು ಆ ಅಳತೆಯ ಅರ್ಧ, ಅನೇಕ ಸಲ ಕಾಲು ಭಾಗ ಮಾತ್ರ. ಹಾಗಾಗಿ ಟ್ಯೂಬಿನ ಮೇಲೆ 30 ಇದ್ದರೂ ಮುಖದ ಮೇಲೆ 30 ಇರುವುದಿಲ್ಲ.

ಈಗ ಮಗಳ ಲೆಕ್ಕಕ್ಕೆ ಬನ್ನಿ. ಅವಳು 30ರ ಕ್ರೀಮನ್ನು ತೆಳ್ಳಗೆ ಹಚ್ಚಿದಳು. ಅದರ ಮೇಲೆ 20ರದ್ದನ್ನು ತೆಳ್ಳಗೆ ಹಚ್ಚಿದಳು. ಅದರ ಮೇಲೆ ಸ್ನೋ. ಮೂರೂ ಸೇರಿದರೂ ಒಂದು ಪೂರ್ತಿ ಪದರ ಆಗಿಲ್ಲ. ಅವಳಿಗೆ 65 ಸಿಗುವುದು ಹಾಗಿರಲಿ, 30 ಕೂಡ ಸಿಗಲಿಕ್ಕಿಲ್ಲ. ಅದೇ 30ರ ಕ್ರೀಮು ಒಂದನ್ನೇ ಸಾಕಷ್ಟು ಹಚ್ಚಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ರಕ್ಷಣೆ ಸಿಗುತ್ತಿತ್ತು.

ಗೋಡೆಗೆ ಸುಣ್ಣ ಬಳಿಯುವವರಿಗೆ ಇದು ಗೊತ್ತು. ನೀರು ಸುಣ್ಣವನ್ನು ಒಂದು ಸಲ ಬಳಿದರೆ ಗೋಡೆಯ ಮಣ್ಣು ಕಾಣುತ್ತಲೇ ಇರುತ್ತದೆ. ಅದೇ ಸುಣ್ಣವನ್ನು ಇನ್ನೊಂದು ಸಲ ಬಳಿದರೆ ಬಿಟ್ಟುಹೋದ ಜಾಗ ತುಂಬುತ್ತದೆ. ಮುಖಕ್ಕೂ ಹೀಗೇ. ಒಂದೇ ಕ್ರೀಮನ್ನು ಎರಡು ಸಲ ಹಚ್ಚಿ, ಅದು ಒಳ್ಳೆಯದು. ಬೇರೆ ಬೇರೆ ಕ್ರೀಮು ತಂದು ಸಂಖ್ಯೆ ಕೂಡಿಸಬೇಡಿ.

ಎಷ್ಟು ಹಚ್ಚಬೇಕು ಎನ್ನುವುದಕ್ಕೆ ಸುಲಭದ ಅಳತೆ ಇದೆ. ತೋರು ಬೆರಳು ಮತ್ತು ನಡು ಬೆರಳಿನ ಉದ್ದಕ್ಕೂ ಎರಡು ಗೆರೆ ಕ್ರೀಮು ಹಾಕಿ. ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಕಿವಿ, ಕತ್ತಿನ ಹಿಂಭಾಗ ಮರೆಯಬೇಡಿ.

ಬೇರೆ ಬೇರೆ ಕ್ರೀಮು ಬೆರೆತರೆ ಏನಾಗುತ್ತದೆ?

ಬೆಳೆಗೆ ಔಷಧಿ ಹೊಡೆಯುವವರನ್ನು ಕೇಳಿ ನೋಡಿ. ಎರಡು ಔಷಧಿಯನ್ನು ಒಂದೇ ಟ್ಯಾಂಕಿಗೆ ಸುರಿದರೆ ಕೆಲವು ಹೊಂದುತ್ತವೆ, ಕೆಲವು ಮೊಸರಿನ ಹಾಗೆ ಒಡೆಯುತ್ತವೆ. ಒಡೆದ ಮೇಲೆ ಎರಡೂ ಕೆಲಸಕ್ಕೆ ಬಾರದು. ಸನ್‌ಸ್ಕ್ರೀನ್‌ನಲ್ಲೂ ಇಂಥದ್ದು ಇದೆ.

ಸನ್‌ಸ್ಕ್ರೀನ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎಂಬ ಖನಿಜದ ಪುಡಿ ಇರುತ್ತದೆ. ಹಚ್ಚಿದಾಗ ಬೂದಿ ಬಳಿದಂತೆ ಬಿಳುಪಾಗಿ ಕಾಣುವುದು ಇದೇ. ಇನ್ನೊಂದರಲ್ಲಿ ಆವೊಬೆಂಜೋನ್‌ನಂಥ ರಾಸಾಯನಿಕ ಇರುತ್ತದೆ. ಇದು ಬಿಳುಪಾಗಿ ಕಾಣುವುದಿಲ್ಲ. ಆದರೆ ಆವೊಬೆಂಜೋನ್ ಬಿಸಿಲಿಗೆ ತಾನೇ ಶಕ್ತಿ ಕಳೆದುಕೊಳ್ಳುವ ಸ್ವಭಾವದ್ದು. ಕಂಪನಿಯವರು ಅದು ಕೆಡದಂತೆ ಬೇರೆ ವಸ್ತುಗಳನ್ನು ಲೆಕ್ಕ ಹಾಕಿ ಸೇರಿಸಿರುತ್ತಾರೆ. ನಾವು ಅದರ ಮೇಲೆ ಇನ್ನೊಂದು ಕಂಪನಿಯ ಕ್ರೀಮನ್ನು ಉಜ್ಜಿದರೆ ಆ ಲೆಕ್ಕ ತಪ್ಪಬಹುದು. ಅಮೆರಿಕ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ರಾಸಾಯನಿಕ ಬಗೆಯ ಮಿಶ್ರಣಗಳಿಗೆ ಜಿಂಕ್ ಆಕ್ಸೈಡ್ ಬೆರೆಸಿ ಎರಡು ಗಂಟೆ ನೇರಳಾತೀತ ಕಿರಣಕ್ಕೆ ಒಡ್ಡಿದಾಗ, ಯು.ವಿ.ಎ. ತಡೆಯುವ ಶಕ್ತಿ ಬಹಳ ಕಡಿಮೆಯಾದದ್ದು ಕಂಡುಬಂತು. ಎಲ್ಲ ಕ್ರೀಮಿಗೂ ಹೀಗೇ ಆಗುತ್ತದೆ ಎಂದು ಇದರ ಅರ್ಥವಲ್ಲ. ಒಂದೇ ಟ್ಯೂಬಿನಲ್ಲಿ ಎರಡೂ ಜಾತಿಯನ್ನು ಪರೀಕ್ಷೆ ಮಾಡಿ ಸೇರಿಸಿ ಮಾರುವುದೂ ಇದೆ. ಅಂಗೈಯಲ್ಲಿ ನಾವೇ ಬೆರೆಸಬಾರದು ಎನ್ನುವುದಷ್ಟೇ ಇಲ್ಲಿಯ ಪಾಠ.

ಇನ್ನೊಂದು ತೊಂದರೆ ಎಲ್ಲರಿಗೂ ಕಣ್ಣಿಗೇ ಕಾಣುತ್ತದೆ. ಒಂದು ಕ್ರೀಮು ಒಣಗುವ ಮೊದಲು ಇನ್ನೊಂದನ್ನು ತಿಕ್ಕಿದರೆ ಮಣ್ಣು ಉದುರಿದ ಹಾಗೆ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಹಾಗೆ ಎದ್ದುಬಂದ ಜಾಗದಲ್ಲಿ ರಕ್ಷಣೆಯೂ ಹೋಯಿತು.

ಹಾಗಾದರೆ ಪದರವೇ ಬೇಡವೇ?

ಬೇಕು. ಆದರೆ ಒಂದೊಂದು ಪದರಕ್ಕೂ ಬೇರೆ ಕೆಲಸ ಇರಬೇಕು. ಸರಿಯಾದ ಕ್ರಮ ಹೀಗೆ:

1. ಮೊದಲು ಮುಖ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ.
2. ವೈದ್ಯರು ಹಗಲಿಗೆ ಹಚ್ಚಲು ಹೇಳಿದ ಮುಲಾಮು ಇದ್ದರೆ ಅದನ್ನು ಹಚ್ಚಿ.
3. ಚರ್ಮ ಒಣಗಿ ಬಿರಿಯುತ್ತಿದ್ದರೆ ತೇವ ಕೊಡುವ ಕ್ರೀಮು ಹಚ್ಚಿ, ಇಂಗಲು ಬಿಡಿ. ಎಣ್ಣೆಚರ್ಮದವರಿಗೆ ಇದು ಬೇಡ.
4. ಆಮೇಲೆ ಸನ್‌ಸ್ಕ್ರೀನ್. ಹೊರಡುವ 15-20 ನಿಮಿಷ ಮೊದಲು, ಎರಡು ಬೆರಳಿನಷ್ಟು. ಒಂದೇ ಸಲಕ್ಕೆ ಜಾಸ್ತಿ ಎನಿಸಿದರೆ ಅರ್ಧ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ ಹಚ್ಚಿ.
5. ಪೌಡರ್ ಬೇಕಾದರೆ ಎಲ್ಲದರ ಕೊನೆಗೆ.
6. ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡು, ಅದೇ ಕ್ರೀಮನ್ನು ಮತ್ತೆ ಹಚ್ಚಬೇಕು.
7. ರಾತ್ರಿ ಮುಖ ತೊಳೆದು ಮಲಗಿ. ರಾತ್ರಿಗೆ ಸನ್‌ಸ್ಕ್ರೀನ್ ಬೇಡ.

ಬಂಗು ಇರುವವರಿಗೆ ಒಂದು ವಿಶೇಷ ಮಾತು. ಬಂಗು ಹೆಚ್ಚಲು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಾರಣ. ಐರನ್ ಆಕ್ಸೈಡ್ ಸೇರಿದ, ಮೈಬಣ್ಣದ ಸನ್‌ಸ್ಕ್ರೀನ್ ಈ ಬೆಳಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಬಸುರಿಯಾಗಿದ್ದಾಗ, ಗರ್ಭನಿರೋಧಕ ಮಾತ್ರೆ ನುಂಗುವಾಗ ಬಂಗು ಬರುವುದುಂಟು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಆರೋಗ್ಯ ಕೇಂದ್ರದಲ್ಲಿ ಕೇಳಿ.

ಅರಿಶಿನ, ಕೊಬ್ಬರಿ ಎಣ್ಣೆ ಸಾಲದೇ ಎಂದು ಹಿರಿಯರು ಕೇಳುತ್ತಾರೆ. ಬೇರೆ ಉಪಯೋಗ ಏನೇ ಇರಲಿ, ಹೊಲದ ಬಿಸಿಲು ತಡೆಯಲು ಇವು ಸಾಲವು.

ನಿಜವಾದ ಮೊದಲ ಪದರ: ಬಟ್ಟೆ

ಈಗ ಖರ್ಚಿನ ಲೆಕ್ಕ ಮಾಡೋಣ. ಮುಖ-ಕುತ್ತಿಗೆಗೆ ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಬೇಕು. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು 25 ದಿನಕ್ಕೆ ಖಾಲಿ. ಎರಡು ಗಂಟೆಗೊಮ್ಮೆ ಎಂದು ದಿನಕ್ಕೆ ನಾಲ್ಕು ಸಲ ಹಚ್ಚಿದರೆ ಹದಿಮೂರು ದಿನವೂ ಬರುವುದಿಲ್ಲ. ಕೈ, ಪಾದಕ್ಕೂ ಹಚ್ಚುತ್ತೇವೆ ಎಂದರೆ ಕೂಲಿ ಹಣ ಟ್ಯೂಬಿಗೇ ಹೋಗುತ್ತದೆ. ಇದು ಹೊಲದಲ್ಲಿ ದುಡಿಯುವ ಹೆಂಗಸಿಗೆ ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ.

ಸಣ್ಣ ಈರುಳ್ಳಿ, ಅರಿಶಿನದ ಹೊಲದಲ್ಲಿ ಕಳೆ ಕೀಳುವ ನಮ್ಮ ತಾಯಂದಿರು ಸೀರೆಯ ಮೇಲೆ ಯಜಮಾನರ ಹಳೇ ತುಂಬುತೋಳಿನ ಶರ್ಟು ಹಾಕಿಕೊಂಡು, ತಲೆಗೆ ಟವೆಲ್ಲು ಕಟ್ಟುತ್ತಾರಲ್ಲ, ಅದೇ ಅತ್ಯುತ್ತಮ ಪದರ. ಅದು ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕಾಗಿಲ್ಲ. ಬಟ್ಟೆ ಆರಿಸುವಾಗ ಬೆಳಕಿಗೆ ಹಿಡಿದು ನೋಡಿ. ಬೆಳಕು ಜಾಸ್ತಿ ತೂರಿಬಂದರೆ ಬಿಸಿಲೂ ತೂರುತ್ತದೆ. ಒತ್ತಾಗಿ ನೇಯ್ದ, ಸ್ವಲ್ಪ ಗಾಢ ಬಣ್ಣದ ಬಟ್ಟೆ ಒಳ್ಳೆಯದು. ಹತ್ತಿ ಬಟ್ಟೆ ಒದ್ದೆಯಾದರೆ ರಕ್ಷಣೆ ಕಡಿಮೆಯಾಗುತ್ತದೆ. ತಲೆಗೆ ಕಟ್ಟಿದ ಟವೆಲ್ಲು ಮೂಗು-ಕೆನ್ನೆಗೆ ನೆರಳು ಕೊಡುವುದಿಲ್ಲ. ಅದಕ್ಕೆ ಸುತ್ತಲೂ ಅಂಚು ಇರುವ ಟೋಪಿ ಬೇಕು. ಕ್ರೀಮು ಇರುವುದು ಬಟ್ಟೆ ಮುಚ್ಚದೇ ಬಿಟ್ಟ ಜಾಗಕ್ಕೆ ಮಾತ್ರ. ಹೀಗೆ ಮಾಡಿದರೆ ಒಂದೇ ಟ್ಯೂಬು ಬಹಳ ದಿನ ಬರುತ್ತದೆ.

ಎಚ್ಚರ! ನಾಲ್ಕನೇ ಟ್ಯೂಬು

ತಾಯಿಗೆ ತಂದ "ಬಂಗು ಹೋಗೋ ಟ್ಯೂಬು" ನೆನಪಿದೆಯೇ? ಇಂಥ ಟ್ಯೂಬುಗಳಲ್ಲಿ ಅನೇಕ ಸಲ ಸ್ಟೀರಾಯ್ಡ್ ಇರುತ್ತದೆ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಸಣ್ಣ ಅಕ್ಷರದಲ್ಲಿ ಇದೆಯೇ ಎಂದು ಓದುವ ಮಕ್ಕಳಿಂದ ಓದಿಸಿ. ಇವು ಚರ್ಮರೋಗಕ್ಕೆ ಔಷಧಿ, ಮುಖದ ಕ್ರೀಮು ಅಲ್ಲ. ಮೊದಲ ಕೆಲವು ವಾರ ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತವೆ, ಮೊಡವೆ ಏಳುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ಬಿಸಿಲಿಗೆ ಹೋದರೆ ಉರಿ ತಡೆಯಲಾಗುವುದಿಲ್ಲ. ಬಿಟ್ಟರೆ ಕೆಂಪಗೆ ಊದಿಕೊಳ್ಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಉರಿಯುವ ಮುಖಕ್ಕೆ ಮೇಲೆ ಎಷ್ಟು ಪದರ ಸನ್‌ಸ್ಕ್ರೀನ್ ಹಚ್ಚಿದರೂ ಕೆಳಗಿನ ಪದರ ಕೆಡಿಸುತ್ತಲೇ ಇರುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ತಂದಿತು. ಚೀಟಿ ಇಲ್ಲದೆ ಕೊಟ್ಟರೂ ತೆಗೆದುಕೊಳ್ಳದಿರುವುದು ನಮ್ಮ ಕೈಯಲ್ಲಿದೆ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ತಟ್ಟನೆ ಬಿಡಬೇಡಿ, ಚರ್ಮದ ವೈದ್ಯರ ಸಲಹೆಯಂತೆ ಬಿಡಿ.

ಕಂಪನಿಯ ಹೆಸರು, ಲೈಸೆನ್ಸ್ ನಂಬರು, ತಯಾರಾದ ದಿನಾಂಕ ಯಾವುದೂ ಇಲ್ಲದ ಡಬ್ಬಿಗಳಲ್ಲಿ ಪಾದರಸ ಇರುವ ಭಯವೂ ಇದೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ವೈದ್ಯರು ಮೂತ್ರಪಿಂಡದಿಂದ ಪ್ರೋಟೀನ್ ಸೋರಿಹೋಗುವ ಕಾಯಿಲೆಯ 22 ಜನರನ್ನು ಪರೀಕ್ಷಿಸಿದರು. ಅವರಲ್ಲಿ 15 ಜನರಿಗೆ ಅಪರೂಪದ ಒಂದೇ ಬಗೆಯ ಕಾಯಿಲೆ. ಆ 15ರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿದರು. ಇಂಥ ಕ್ರೀಮು ಹಚ್ಚುವವರಿಗೆ ಕಾಲು ಊದುವುದು, ಮೂತ್ರದಲ್ಲಿ ನೊರೆ ಬರುವುದು ಕಂಡರೆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸನ್‌ಸ್ಕ್ರೀನ್ ಕೆಲಸ ಮುಖ ಬೆಳ್ಳಗೆ ಮಾಡುವುದಲ್ಲ, ಇರುವ ಚರ್ಮವನ್ನು ಕಾಯುವುದು. ನಮ್ಮ ಕಪ್ಪು ಬಣ್ಣ ಕಾಯಿಲೆಯಲ್ಲ, ಅದು ಬಿಸಿಲಿಗೆ ಹುಟ್ಟಿನಿಂದ ಬಂದ ಕೊಡೆ.

ಯಾರಿಗೆ ಹೆಚ್ಚಿನ ಎಚ್ಚರ ಬೇಕು?

- ಹುಟ್ಟಿನಿಂದಲೇ ಮೈ, ಕೂದಲು ಪೂರ್ತಿ ಬೆಳ್ಳಗಿರುವವರು. ಇವರ ಚರ್ಮದಲ್ಲಿ ಆ ಕೊಡೆ ಇಲ್ಲ, ಚರ್ಮದ ಕ್ಯಾನ್ಸರ್ ಭಯ ಹೆಚ್ಚು. ಇವರಿಗೆ ಸನ್‌ಸ್ಕ್ರೀನ್ ಶೋಕಿಯಲ್ಲ, ಔಷಧಿ. ಇಂಥ ಮಗು ಮನೆಯಲ್ಲಿದ್ದರೆ ತುಂಬುತೋಳಿನ ಬಟ್ಟೆ, ಟೋಪಿ ಹಾಕಿಯೇ ಶಾಲೆಗೆ ಕಳುಹಿಸಿ. ಮೇಷ್ಟ್ರಿಗೂ ತಿಳಿಸಿ.
- ತೊನ್ನು ಇರುವವರು. ಬಿಳಿ ಜಾಗ ಬೇಗ ಸುಡುತ್ತದೆ.
- ಆರು ತಿಂಗಳೊಳಗಿನ ಕೂಸು. ಇವಕ್ಕೆ ಕ್ರೀಮು ಬೇಡ, ನೆರಳೇ ಸಾಕು.
- ಹೊಲಕ್ಕೆ ಹೋದಾಗಲೆಲ್ಲ ಮುಖ, ಕತ್ತು ತುರಿಸಿ ಕೆಂಪಾಗುವವರು. ಇದು ಬಿಸಿಲಿನಿಂದಲೇ ಆದದ್ದು ಎಂದುಕೊಳ್ಳಬೇಡಿ. ಕಾಂಗ್ರೆಸ್ ಗಿಡದ ಅಲರ್ಜಿಯೂ ಹೀಗೇ ಇರುತ್ತದೆ. ಇನ್ನೊಂದು ಕ್ರೀಮು ಹಚ್ಚುವ ಮೊದಲು ತೋರಿಸಿ.

ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ತೋರಿಸಲು ದೂರ ಹೋಗಬೇಕಾಗಿಲ್ಲ. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಚಾಮರಾಜನಗರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ (ಸಿಮ್ಸ್) ಆಸ್ಪತ್ರೆ ಇದೆ. ಹೋಗುವಾಗ ಮನೆಯಲ್ಲಿರುವ ಎಲ್ಲಾ ಟ್ಯೂಬುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಮುಚ್ಚಿಡಬೇಡಿ.

ನೆನಪಿಡಿ

- ಎಸ್.ಪಿ.ಎಫ್. ಸಂಖ್ಯೆಗಳನ್ನು ಕೂಡಿಸಲು ಆಗದು.
- ಒಂದೇ ಸನ್‌ಸ್ಕ್ರೀನ್, ಸಾಕಷ್ಟು, ಮತ್ತೆ ಮತ್ತೆ.
- ಮೊದಲು ಬಟ್ಟೆ ಮತ್ತು ನೆರಳು, ಆಮೇಲೆ ಕ್ರೀಮು.
- ಚೀಟಿ ಇಲ್ಲದ ಮುಲಾಮು ಮುಖಕ್ಕೆ ಬೇಡ.

ಸಂಘದ ಸಭೆಯಲ್ಲಿ ಚರ್ಚಿಸಲು

1. ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಮುಖದ ಕ್ರೀಮು ತನ್ನಿ. ಓದು ಬಲ್ಲವರು ಗಟ್ಟಿಯಾಗಿ ಓದಲಿ. ಸ್ಟೀರಾಯ್ಡ್ ಇರುವುದು ಎಷ್ಟು?
2. ಹೂವು ಕೀಳುವ, ಕಳೆ ಕೀಳುವ ಕೆಲಸವನ್ನು ಬೆಳಿಗ್ಗೆ ಬೇಗ ಶುರುಮಾಡಿ, ನೆರಳು ಗಿಡ್ಡವಾಗುವ ನಡುಹಗಲಿನಲ್ಲಿ ಬಿಡುವು ಪಡೆಯಲು ಜಮೀನಿನವರ ಹತ್ತಿರ ಎಲ್ಲರೂ ಸೇರಿ ಕೇಳಬಹುದೇ?
3. ಹೊಲಿಗೆ ಬಲ್ಲ ಸದಸ್ಯೆಯರು ಅಗಲ ಅಂಚಿನ ಬಟ್ಟೆ ಟೋಪಿ ಹೊಲಿದು ಕೊಟ್ಟರೆ, ಸಂಘದಿಂದಲೇ ಎಲ್ಲರಿಗೂ ಒಂದೊಂದು ಕೊಳ್ಳಬಹುದೇ?